ಕಡಲಿಗಿಂತ ಕೆಳಗಿನ ಹೊಲಗಳು

ಹಾಲೆಂಡಿಗೆ ಹೋದವರು ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳನ್ನೂ ವ್ಯಾಪಾರಿಗಳ ಹಳೆಯ ಮನೆಗಳನ್ನೂ ನೋಡಿಕೊಂಡು ಹಿಂದಿರುಗುವುದು ವಾಡಿಕೆ. ಆ ಮನೆಗಳ ಐಶ್ವರ್ಯ ಹಳ್ಳಿಯ ಬದುಕನ್ನು ಹೇಗೆ ಬದಲಿಸಿತೆಂದು ತಿಳಿಯಬೇಕಾದರೆ ಇನ್ನೂ ಸುಮಾರು ೨೦ ಕಿಲೋಮೀಟರ್ ಉತ್ತರಕ್ಕೆ, ಬೀಮ್‌ಸ್ಟರ್ ಎಂಬಲ್ಲಿಗೆ ಹೋಗಬೇಕು. ನಾವು ಬಸ್ಸು ಹಿಡಿದು ಹೋದೆವು.

ಮೊದಲು ಎದುರಾದದ್ದು ಒಂದು ಏರಿ. ಅದನ್ನು ಹತ್ತಿ ನಿಂತರೆ ಒಂದು ಮಗ್ಗುಲಲ್ಲಿ ತುಂಬಿದ ಕಾಲುವೆ. ಇನ್ನೊಂದು ಮಗ್ಗುಲಲ್ಲಿ, ಆ ನೀರಿಗಿಂತ ಎಷ್ಟೋ ಕೆಳಗೆ, ಹಸುರು ಹೊಲಗಳು! ಸಮುದ್ರಮಟ್ಟಕ್ಕಿಂತ ಸುಮಾರು ಮೂರೂವರೆ ಮೀಟರ್ ತಗ್ಗು. ನೂಲು ಹಿಡಿದಂತೆ ನೇರವಾದ ರಸ್ತೆಗಳು, ಚದುರಂಗದ ಮಣೆಯಂಥ ಚೌಕಗಳು, ನಡುನಡುವೆ ಗೋಪುರದಂತೆ ಎತ್ತರದ ಮಾಡಿನ ರೈತರ ಮನೆಗಳು. ಸಂಸಾರ, ದನಕರು, ಹುಲ್ಲು, ಎಲ್ಲಕ್ಕೂ ಒಂದೇ ಸೂರು.

೧೬೦೭ರಲ್ಲಿ ಇದೆಲ್ಲವೂ ಸರೋವರವಾಗಿತ್ತು. ಅದನ್ನು ಬತ್ತಿಸಲು ಹಣ ಕೂಡಿಸಿದವರು ವ್ಯಾಪಾರಿಗಳು. ಅವರ ಮುಂದಾಳುಗಳಲ್ಲಿ ಒಬ್ಬ ಡಿರ್ಕ್ ಫಾನ್ ಓಸ್. ೧೬೦೨ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಷೇರುಗಳಿಗೆ ಆಮ್‌ಸ್ಟರ್‌ಡ್ಯಾಮಿನ ಜನ ಹೆಸರು ಬರೆಸಿದ್ದು ಇವನ ಮನೆಯಲ್ಲಿಯೇ. ಸುತ್ತಲೂ ಏರಿ ಕಟ್ಟಿ, ಗಾಳಿಯಂತ್ರಗಳಿಂದ ನೀರನ್ನು ಹಂತಹಂತವಾಗಿ ಮೇಲೆತ್ತಿ ಕಾಲುವೆಗೆ ಸುರಿದರು. ೧೬೧೦ರ ಬಿರುಗಾಳಿಗೆ ಏರಿ ಒಡೆದು ಮತ್ತೆ ನೀರು ನುಗ್ಗಿತು. ಅವರು ಎದೆಗೆಡಲಿಲ್ಲ, ಏರಿಯನ್ನು ಇನ್ನೂ ಎತ್ತರಿಸಿದರು. ನಲವತ್ತಕ್ಕೂ ಮಿಕ್ಕ ಗಾಳಿಯಂತ್ರಗಳು ದುಡಿದು, ೧೬೧೨ರಲ್ಲಿ ೭,೦೦೦ ಹೆಕ್ಟೇರಿಗೂ ಹೆಚ್ಚು ನೆಲ ಕಣ್ಣಿಗೆ ಬಿತ್ತು.

ಹಡಗಿನವರಿಗೆ ಹೊಲದ ಹಂಬಲವೇಕೆ? ನಗರಗಳು ಬೆಳೆದು ಆಹಾರಕ್ಕೆ ಬೆಲೆ ಏರಿತ್ತು. ನೆಲಕ್ಕೆ ಒಳ್ಳೆಯ ಗೇಣಿ ಬರುತ್ತಿತ್ತು. ಮೊದಮೊದಲು ಧಾನ್ಯ ಬೆಳೆದರು. ತೇವ ಹೆಚ್ಚಾದ್ದರಿಂದ ಕ್ರಮೇಣ ಹೊಲಗಳು ಹುಲ್ಲುಗಾವಲಾದವು. ಹಾಗಾದರೆ ಊಟಕ್ಕೇನು ಗತಿ? ಬಾಲ್ಟಿಕ್ ಕಡಲ ಡಾನ್ಸಿಗ್ ಬಂದರಿನಿಂದ ರೈ, ಗೋಧಿ ಹಡಗುಗಟ್ಟಲೆ ಬರುತ್ತಿದ್ದವು. ಡಚ್ಚರು ಅದನ್ನು ‘ತಾಯಿ ವ್ಯಾಪಾರ’ವೆಂದೇ ಕರೆದರು. ಮನೆಯ ರೊಟ್ಟಿಗೆ ತಾನೇ ಧಾನ್ಯ ಬೆಳೆಯಬೇಕೆಂಬ ಕಟ್ಟು ಸಡಿಲವಾಗಿ, ರೈತ ಹಸು ಸಾಕಿದ. ಬೆಣ್ಣೆ, ಚೀಸು ಮಾಡಿ ಪುರ್ಮೆರೆಂಡ್, ಹೋರ್ನ್ ಪೇಟೆಗಳಲ್ಲಿ ಮಾರಿದ. ಆ ಚೀಸಿನ ರುಚಿಯನ್ನು ನಾವೂ ನೋಡಿದೆವು. ಮಜ್ಜಿಗೆ-ಮೊಸರಿನ ನಾಲಗೆಗೆ ಎರಡನೆಯ ತುಂಡಿನಿಂದ ಹಿಡಿಸಿತು.

ಹೀಗೆ ವ್ಯಾಪಾರ ಬೇಸಾಯವನ್ನು ಎತ್ತಿತು. ಬೇಸಾಯ ಪೇಟೆಯನ್ನು ತುಂಬಿತು. ಆದರೆ ಈ ಲೆಕ್ಕದ ಪುಸ್ತಕಕ್ಕೆ ಖರ್ಚಿನ ಪುಟವೂ ಉಂಟು. ಸರೋವರದ ಬೆಸ್ತರು ಮೀನು ಕಳೆದುಕೊಂಡರು. ಡಾನ್ಸಿಗ್‌ನ ಧಾನ್ಯದ ಬಹುಪಾಲನ್ನು ಬೆಳೆದವರು ಪೋಲೆಂಡಿನ ಜಮೀನುದಾರರಿಗೆ ಬಿಟ್ಟಿ ದುಡಿಯುತ್ತಿದ್ದ ರೈತರು. ಜಾಯಿಕಾಯಿಗಾಗಿ ಅದೇ ಕಂಪನಿ ೧೬೨೧ರಲ್ಲಿ ಬಾಂಡಾ ದ್ವೀಪಗಳ ಜನರನ್ನು ಬಹುತೇಕ ಅಳಿಸಿಯೇ ಹಾಕಿತು. ನಮ್ಮ ಕರಾವಳಿಯ ಬಸರೂರಿಗೂ ಅದರ ಹಡಗುಗಳು ಅಕ್ಕಿ, ಮೆಣಸುಗಳಿಗಾಗಿ ಬಂದವು.

೧೯೯೯ರಲ್ಲಿ ಯುನೆಸ್ಕೊ ಬೀಮ್‌ಸ್ಟರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗಾಳಿಯಂತ್ರಗಳ ಕೆಲಸವನ್ನು ಈಗ ಪಂಪುಗಳು ಮಾಡುತ್ತವೆ. ಅವು ನಿಂತರೆ ನೀರು ಮರಳಿ ಬರುತ್ತದೆ. ನಾಲ್ಕು ಶತಮಾನಗಳಾದರೂ ಈ ನೆಲದ ಬೆಲೆಯನ್ನು ಇನ್ನೂ ದಿನದಿನವೂ ಕಟ್ಟುತ್ತಲೇ ಇರಬೇಕಾಗಿದೆ.