ರಾಜಕಾರಣವೂ ಚೆಂಡಾಟವೂ

ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆಯ ನಿಜವನ್ನು ಕಣ್ಣಾರೆ ಕಾಣಬಯಸುವವರು ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ನಿನಲ್ಲಿ ನಮ್ಮಂತೆ ಕೆಲವು ವರ್ಷ ಸಂಸಾರ ಹೂಡಿದರೆ ಸಾಕು. ಇಡಿಯ ದೇಶಕ್ಕೆ ಶಾಸನಗಳನ್ನು ವಿಧಿಸುವ ಕಾಂಗ್ರೆಸ್ ಸಭೆ ಕೂಡುವುದು ಇಲ್ಲಿಯೇ. ಆದರೆ ಇಲ್ಲಿಯ ಸುಮಾರು 7 ಲಕ್ಷ ನಿವಾಸಿಗಳಿಗೆ ಸೆನೆಟ್ಟಿನಲ್ಲಿ ಒಬ್ಬ ಸದಸ್ಯನೂ ಇಲ್ಲ. ಕೆಳಮನೆಗೆ ಕಳುಹಿಸುವ ಒಬ್ಬ ಪ್ರತಿನಿಧಿಯೂ ಮಾತನಾಡಬಹುದೇ ಹೊರತು ಮಸೂದೆಯನ್ನು ಅಂಗೀಕರಿಸುವಾಗ ಮತ ಕೊಡುವಂತಿಲ್ಲ. ತೆರಿಗೆಯನ್ನು ಮಾತ್ರ ಎಲ್ಲರಂತೆಯೇ ತೆರಬೇಕು. ಇಂಥ ಊರಿನ ಹಳೆಯ ಬೇಸ್‌ಬಾಲ್ ತಂಡಕ್ಕೆ 'ಸೆನೆಟರ್ಸ್' ಎಂದು ಹೆಸರಿತ್ತೆಂಬುದನ್ನು ಕೇಳಿ, ನಗಬೇಕೋ ಅಳಬೇಕೋ ನಮಗೆ ತಿಳಿಯದಾಯಿತು.

ಈ ಸಂಗತಿಯನ್ನು ಹೇಳಿದವರು ನಮ್ಮ ನೆರೆಮನೆಯ ಹಿರಿಯರು. 1971ರ ಸೆಪ್ಟೆಂಬರ್ 30ರಂದು, ಊರು ಬಿಡುವ ಮುನ್ನ ಆ ತಂಡವಾಡಿದ ಕೊನೆಯ ಪಂದ್ಯವನ್ನು ಅವರು ಬಾಲ್ಯದಲ್ಲಿ ನೋಡಿದ್ದರಂತೆ. ಗೆಲುವಿಗೆ ಒಂದೇ ಔಟು ಉಳಿದಿದ್ದಾಗ ನೊಂದ ಜನರು ಮೈದಾನಕ್ಕೆ ನುಗ್ಗಿದರು. ಪಂದ್ಯವು ಎದುರಾಳಿಗಳ ಪಾಲಾಯಿತು. 'ನ್ಯಾಷನಲ್ಸ್' ಎಂಬ ಈಗಿನ ತಂಡ ಬಂದದ್ದು 2005ರಲ್ಲಿ.

2018ರ ಡಿಸೆಂಬರ್ 22ರಿಂದ 35 ದಿನಗಳ ಕಾಲ, ಮೆಕ್ಸಿಕೋ ಗಡಿಯ ಗೋಡೆಯ ಹಣಕ್ಕಾಗಿ ಅಧ್ಯಕ್ಷರಿಗೂ ಕಾಂಗ್ರೆಸ್ಸಿಗೂ ಜಗಳ ನಡೆದು, ಅನೇಕ ಸರಕಾರಿ ಕಚೇರಿಗಳಿಗೆ ಬೀಗ ಬಿದ್ದಿತು. ಖಾಯಂ ನೌಕರರಿಗೆ ಬಾಕಿ ಸಂಬಳ ಆಮೇಲೆ ದೊರೆಯಿತು. ಗುತ್ತಿಗೆಯಲ್ಲಿ ದುಡಿಯುತ್ತಿದ್ದ ನಮಗೆ ಚಿಕ್ಕಾಸೂ ಬರಲಿಲ್ಲ. ಮನೆಯ ಬಾಡಿಗೆಗಾಗಿ ಮಗಳ ಓದಿಗೆಂದು ಕೂಡಿಟ್ಟ ಹಣಕ್ಕೆ ಕೈಯಿಕ್ಕಿದೆವು. ಅಂಥ ದಿನಗಳಲ್ಲಿ ನೆರೆಯ ಹಿರಿಯರು, "ಏನಾದರೂ ಸರಿ, ಗೋಡೆ ಆಗಲೇಬೇಕು" ಎಂದುಬಿಟ್ಟರು. ನಾವು ಸುಮ್ಮನಿರಲಾರದೆ ಮಾತಿಗೆ ಮಾತು ಬೆಳೆಸಿದೆವು. ಗಡಿಯ ಗೋಡೆಯ ಮಾತು ಹಾಗಿರಲಿ, ನಮ್ಮೆರಡು ಮನೆಗಳ ನಡುವೆ ಗೋಡೆಯೆದ್ದುದಂತೂ ಸತ್ಯ.

ವಾರ್ತೆ ಕೇಳಿದರೆ ಊಟ ರುಚಿಸದಾದ್ದರಿಂದ, ಆ ವಸಂತದಲ್ಲಿ ನಾವೂ ಮಗಳೂ ರೇಡಿಯೋದಲ್ಲಿ ನ್ಯಾಷನಲ್ಸ್ ತಂಡದ ಆಟವನ್ನು ಕೇಳತೊಡಗಿದೆವು. ಮೊದಲ 50 ಪಂದ್ಯಗಳಲ್ಲಿ 19 ಗೆಲುವು, 31 ಸೋಲು! ಆದರೇನು? ಋತುವೊಂದಕ್ಕೆ 162 ಪಂದ್ಯಗಳಿರುವ ಆಟವಿದು. ಇಂದು ಸೋತವರು ಬಹುಮಟ್ಟಿಗೆ ನಾಳೆಯೇ ಮತ್ತೆ ಕಣಕ್ಕಿಳಿಯಬೇಕು, ಮುನಿಸಿಕೊಂಡು ಕೂಡಲು ಬಿಡುವಿಲ್ಲ. ಕೊನೆಯವನು ಔಟಾಗುವ ತನಕ ಆಸೆಯುಂಟು. ಶಾಸನಸಭೆಯ ಗುಮ್ಮಟಕ್ಕೆ ಎರಡು ಮೈಲಿಗೂ ಹತ್ತಿರದ ಆ ಮೈದಾನದಲ್ಲಿ, ಆಟಗಾರನೊಬ್ಬನ ಎಳೆಯ ಮಗಳಿಗೆ ಪ್ರಿಯವಾದ 'ಬೇಬಿ ಶಾರ್ಕ್' ಎಂಬ ಶಿಶುಗೀತೆಗೆ ಸಹಸ್ರಾರು ಜನರು ಕೈತಟ್ಟುತ್ತಿದ್ದರು. ಯಾರು ಯಾವ ಪಕ್ಷವೆಂದು ಕೇಳುವವರಿರಲಿಲ್ಲ.

ಗುಮ್ಮಟದಡಿಯಲ್ಲಿ ಅಧ್ಯಕ್ಷರ ಮೇಲಣ ಮಹಾಭಿಯೋಗದ ವಿಚಾರಣೆ ನಡೆಯುತ್ತಿದ್ದಾಗಲೇ ತಂಡವು ವರ್ಲ್ಡ್ ಸೀರೀಸಿನ ಏಳನೆಯ ಪಂದ್ಯವನ್ನು ಮುಟ್ಟಿತು. 2019ರ ಅಕ್ಟೋಬರ್ 30. ದೀಪಾವಳಿಯ ಚಕ್ಕುಲಿ ಇನ್ನೂ ಉಳಿದಿತ್ತು. ಮಗಳು ನಮ್ಮನ್ನು ಕೇಳದೆಯೇ ತಟ್ಟೆಯೊಂದನ್ನು ಹಿಡಿದು ನೆರೆಯವರ ಕದ ತಟ್ಟಿ, ಅವರನ್ನು ಕರೆತಂದಳು. ಮೊದಮೊದಲು ಇಬ್ಬರೂ ಟೆಲಿವಿಷನ್ನಿನತ್ತಲೇ ನೋಡುತ್ತ ಕುಳಿತೆವು. ಏಳನೆಯ ಇನ್ನಿಂಗ್ಸ್ ಬಂದಾಗಲೂ ನಮ್ಮವರು 0–2ರಿಂದ ಹಿಂದೆ. ಆಗ ಮೊದಲು ರೆಂಡನ್, ಬಳಿಕ ಕೆಂಡ್ರಿಕ್ ಹೋಮ್ ರನ್ ಹೊಡೆದರು. ಕೆಂಡ್ರಿಕ್ ಬೀಸಿದ ಚೆಂಡು ಮೈದಾನದ ಬಲಗಡೆಯ ಗಡಿಗಂಬಕ್ಕೆ ತಾಗಿತು. ಕೊನೆಗೆ 6–2! 1924ರ ತರುವಾಯ ಊರಿಗೆ ದೊರೆತ ಮೊದಲ ಪಟ್ಟ.

ಹಿರಿಯರು ಕಣ್ಣೊರಸಿಕೊಂಡು, "ಅಂದು ಮೈದಾನಕ್ಕೆ ನುಗ್ಗಿದವರಲ್ಲಿ ನಾನೂ ಒಬ್ಬ. ಗೆಲ್ಲುತ್ತಿದ್ದ ಆಟವನ್ನು ನಾವೇ ಕೆಡಿಸಿದೆವು" ಎಂದರು. ನಾವು ಉತ್ತರವಾಗಿ ತಟ್ಟೆಯನ್ನು ಅವರತ್ತ ಸರಿಸಿದೆವು.

2021ರ ಜನವರಿ 6ರಂದು, ಚುನಾವಣೆಯ ಎಣಿಕೆಯನ್ನೊಪ್ಪದ ಗುಂಪು ಕ್ಯಾಪಿಟಲ್ ಭವನಕ್ಕೇ ನುಗ್ಗಿತು. ಆ ಸಂಜೆ ಅವರು ಬೇಲಿಯ ಬಳಿಗೆ ಬಂದು ಬಹಳ ಹೊತ್ತು ಮೌನವಾಗಿ ನಿಂತಿದ್ದರು, ನಾವೂ ನಿಂತೆವು. ಅವರ ಮತ ಅವರಿಗೆ, ನಮ್ಮದು ನಮಗೆ. ನಮ್ಮ ತಂಡಕ್ಕಂತೂ ಆ ಪಟ್ಟದ ಬಳಿಕ 2025ರ ತನಕ ಒಂದು ಋತುವಿನಲ್ಲಾದರೂ ಸೋಲಿಗಿಂತ ಗೆಲುವು ಹೆಚ್ಚಾಗಲಿಲ್ಲ. ಆದರೂ ವಸಂತ ಬಂತೆಂದರೆ, "ನಿನ್ನೆ ಏನಾಯಿತು?" ಎಂದು ಅವರು ಬೇಲಿಯಾಚೆಯಿಂದ ಕೂಗುವರು. ಸೋತರೆಂದು ನಾವು ಹೇಳುವೆವು. "ಇರಲಿ, ಇಂದು ಮತ್ತೆ ಆಟವಿದೆ" ಎಂದು ಅವರು ಒಳಗೆ ನಡೆಯುವರು.