ಕಾಣದ ಪದರದ ಜಾಡು

ಕೊಡಗಿನ ದುಬಾರೆಯಲ್ಲಿ ಹೊತ್ತು ಮುಳುಗುವ ವೇಳೆಗೆ ಶಿಬಿರದ ಆನೆಗಳನ್ನು ಕಾಡಿಗೆ ಮೇಯಲು ಬಿಡುವುದುಂಟು. ಬೆಳಗಾದೊಡನೆ ಮಾವುತರು ನೆಲದ ಮೇಲಿನ ಹೆಜ್ಜೆಗಳನ್ನೂ ಸರಪಳಿ ಎಳೆದ ಗೆರೆಯನ್ನೂ ಅನುಸರಿಸಿ ಅವುಗಳನ್ನು ಹುಡುಕುತ್ತಾರೆ. ಕಣ್ಣಿಗೆ ಕಾಣದುದನ್ನು ಜಾಡಿನಿಂದ ಅರಿಯುವ ಈ ವಿದ್ಯೆ ಕಾಡಿಗಷ್ಟೇ ಮೀಸಲಲ್ಲ; ಆಕಾಶವನ್ನು ಅರಿಯುವುದಕ್ಕೂ ಅದು ಬೇಕು.

ಇಂಥ ಕಾಡಂಚಿನ ಮನೆಯಲ್ಲಿ ಇರುಳು ರೇಡಿಯೋ ಹಾಕಿದರೆ, ಮಧ್ಯಮ ತರಂಗದಲ್ಲಿ ನೂರಾರು ಮೈಲಿ ದೂರದ ಕೇಂದ್ರಗಳ ದನಿ ತೇಲಿಬರುತ್ತದೆ. ಹಗಲಿನಲ್ಲಿ ಅವೇ ಕೇಂದ್ರಗಳು ಕೇಳಿಸುವುದಿಲ್ಲ. ಇದಕ್ಕೆ ಕಾರಣ, ನಮ್ಮ ತಲೆಯ ಮೇಲೆ ೬೦ರಿಂದ ೯೦ ಕಿಲೋಮೀಟರ್ ಎತ್ತರದಲ್ಲಿರುವ ಅಯಾನುಗೋಳದ ಕೆಳಪದರ. ಹಗಲು ಸೂರ್ಯನ ಕಿರಣಗಳು ಅಲ್ಲಿಯ ಅಣುಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸುತ್ತವೆ. ರೇಡಿಯೋ ತರಂಗವು ಈ ಎಲೆಕ್ಟ್ರಾನುಗಳನ್ನು ಅಲುಗಿಸಿದಾಗ ಅವು ಸುತ್ತಲಿನ ಗಾಳಿಯ ಅಣುಗಳಿಗೆ ಡಿಕ್ಕಿ ಹೊಡೆಯುತ್ತವೆ. ತರಂಗದ ಶಕ್ತಿ ಅಲ್ಲಿಯೇ ವ್ಯಯವಾಗುತ್ತದೆ. ಸೂರ್ಯಾಸ್ತದ ಬಳಿಕ ಈ ಪದರ ಬಹುಮಟ್ಟಿಗೆ ಕರಗಿಹೋಗುವುದರಿಂದ ತರಂಗಗಳು ಮೇಲಿನ ಪದರಗಳನ್ನು ಮುಟ್ಟಿ, ಬಾಗಿ, ಭೂಮಿಗೆ ಮರಳುತ್ತವೆ.

ಸೂರ್ಯನಲ್ಲಿ ಜ್ವಾಲೆ ಸಿಡಿದಾಗ ಈ ಪದರ ಒಮ್ಮೆಲೇ ದಟ್ಟವಾಗುತ್ತದೆ. ಆಗ ಹ್ರಸ್ವ ತರಂಗಗಳೂ ಅದರಲ್ಲಿ ಅಡಗಿ, ನಡುಗಡಲಿನ ಹಡಗುಗಳ ಮತ್ತು ವಿಮಾನಗಳ ಸಂಪರ್ಕ ಕೆಲಕಾಲ ಕಡಿದುಹೋಗಬಹುದು. ಆದುದರಿಂದ ಇದರ ಅಧ್ಯಯನ ಬರಿಯ ಕುತೂಹಲದ ಮಾತಲ್ಲ.

ದುಬಾರೆಯಿಂದ ಮೈಸೂರಿಗೆ ನೇರವಾದ ಗೆರೆ ಎಳೆದರೆ ಸುಮಾರು ೮೦ ಕಿಲೋಮೀಟರ್ ಆದೀತು. ಈ ಪದರವಿರುವುದೂ ಅಷ್ಟೇ ದೂರದಲ್ಲಿ. ಆದರೂ ಅದನ್ನು ಮುಟ್ಟುವುದು ಸುಲಭವಲ್ಲ. ಬಲೂನು ಅಷ್ಟು ಎತ್ತರಕ್ಕೆ ಏರಲಾರದು. ಗಾಳಿಯ ತಡೆಯಿಂದಾಗಿ ಉಪಗ್ರಹ ಅಷ್ಟು ಕೆಳಗೆ ಸುತ್ತಲಾರದು. ಅಲ್ಲಿಗೆ ಹೋಗಬಲ್ಲದು ರಾಕೆಟ್ ಒಂದೇ. ನೆಲದಿಂದ ಕಳುಹಿಸಿದ ರೇಡಿಯೋ ತರಂಗಗಳನ್ನು ಏರುತ್ತಿರುವ ರಾಕೆಟ್ಟಿನೊಳಗಿನ ಗ್ರಾಹಕ ಹಿಡಿಯುತ್ತದೆ. ಯಾವ ಎತ್ತರದಲ್ಲಿ ತರಂಗ ಎಷ್ಟು ಕುಗ್ಗಿತು ಎಂಬುದೇ ಅಲ್ಲಿಯ ಎಲೆಕ್ಟ್ರಾನುಗಳ ಜಾಡು.

ಭಾರತದಲ್ಲಿ ಇಂಥ ಸಂಶೋಧನೆಗೆ ದಾರಿ ತೆರೆದುದು ಕೇರಳದ ತುಂಬಾ ಎಂಬ ಬೆಸ್ತರ ಹಳ್ಳಿ. ಭೂಕಾಂತೀಯ ಸಮಭಾಜಕವೃತ್ತ ಅದರ ಸಮೀಪದಲ್ಲೇ ಹಾದುಹೋಗುವುದರಿಂದ ವಿಕ್ರಮ್ ಸಾರಾಭಾಯಿ ಮತ್ತು ಅವರ ಸಂಗಡಿಗರು ಆ ಸ್ಥಳವನ್ನು ಆರಿಸಿದರು. ಹಳ್ಳಿಯವರು ಬಿಟ್ಟುಕೊಟ್ಟ ಇಗರ್ಜಿಯೇ ಕಚೇರಿಯಾಯಿತು. ರಾಕೆಟ್ಟಿನ ಭಾಗಗಳು ಸೈಕಲ್ಲಿನ ಮೇಲೆ ಸಾಗಿದವು. ೧೯೬೩ನೆಯ ನವೆಂಬರ್ ೨೧ರ ಸಂಜೆ ಅಲ್ಲಿಂದ ಮೊದಲ ರಾಕೆಟ್ ಮೇಲೇರಿತು. ಮುಂದಿನ ವರ್ಷಗಳಲ್ಲಿ ಅಹಮದಾಬಾದಿನ ಭೌತವಿಜ್ಞಾನ ಸಂಶೋಧನಾಲಯದ ಉಪಕರಣಗಳು ರಾಕೆಟ್ಟುಗಳಲ್ಲಿ ಹೋಗಿ ಎಲೆಕ್ಟ್ರಾನುಗಳ ಸಾಂದ್ರತೆಯನ್ನು ಅಳೆದವು.

ರಾಕೆಟ್ ಆ ಪದರದಲ್ಲಿ ಇರುವುದು ಕೆಲವೇ ಕ್ಷಣ. ಬಳಿಕ ಅದು ಕಡಲಿನ ಪಾಲು. ಪದರವಾದರೋ ಹೊತ್ತು ಹೊತ್ತಿಗೆ ಬದಲಾಗುತ್ತದೆ. ಒಂದು ಹಾರಾಟ ಒಂದು ಗಳಿಗೆಯ ಆಕಾಶವನ್ನಷ್ಟೇ ತಿಳಿಸೀತು. ಉಳಿದುದನ್ನು ಅರಿಯಲು ಮತ್ತೆ ಮತ್ತೆ ಏರಲೇಬೇಕು. ಜ್ಞಾನದ ಹಾದಿಯಲ್ಲಿ ಸಾಹಸದಷ್ಟೇ ತಾಳ್ಮೆಯೂ ಅಗತ್ಯ.