ದೀವ್ ದ್ವೀಪದಲ್ಲಿ ಏಳು ದಿನ

ವೆಸ್ಟ್ ಇಂಡೀಸ್ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ಕ್ರಿಕೆಟ್ಟು ನೆನಪಾಗುತ್ತದೆ. ಇಂಗ್ಲೆಂಡು, ಅಮೆರಿಕಗಳ ಜನಕ್ಕೆ ಹಾಗಲ್ಲ. ಬಾರ್ಬಡೋಸ್, ಜಮೈಕ, ಆಂಟಿಗಾ ಎಂಬ ಹೆಸರು ಕಿವಿಗೆ ಬಿದ್ದರೆ ಅವರಿಗೆ ನೆನಪಾಗುವುದು ರಜ. ವರ್ಷದಲ್ಲಿ ಒಂದು ವಾರ ಕೆರಿಬಿಯನ್ ಸಮುದ್ರದ ಯಾವುದಾದರೊಂದು ದ್ವೀಪಕ್ಕೆ ಹೋಗಿ, ಮರಳಿನ ಮೇಲೆ ಮೈ ಚಾಚಿ, ಏನನ್ನೂ ಮಾಡದೆ ಹಿಂದಿರುಗುವುದು ಅನುಕೂಲವಂತರಲ್ಲಿ ಒಂದು ಸಂಪ್ರದಾಯವೇ ಆಗಿಹೋಗಿದೆ. ಅದಕ್ಕಾಗಿ ತಿಂಗಳುಗಟ್ಟಲೆ ಮುಂಚಿತವಾಗಿ ಲೆಕ್ಕ ಹಾಕುತ್ತಾರಂತೆ. ಏನನ್ನೂ ಮಾಡದಿರುವುದಕ್ಕೆ ಇಷ್ಟೊಂದು ಸಿದ್ಧತೆಯೇ ಎಂದು ನಗುವ ಮೊದಲು ನಮ್ಮ ರಜದ ಲೆಕ್ಕವನ್ನು ಸ್ವಲ್ಪ ನೋಡೋಣ.

ಗುಜರಾತಿನಲ್ಲಿರುವ ಕನ್ನಡಿಗರು ನಾವು, ಅಹಮದಾಬಾದಿನವರಾಗಲಿ, ವಡೋದರೆಯವರಾಗಲಿ, ಸೂರತ್ತಿನವರಾಗಲಿ, ರಜವೆಂದರೆ ಊರು ಎಂದೇ ತಿಳಿದವರು. ಹದಿನೈದು ದಿನದ ರಜದಲ್ಲಿ ಹೋಗುತ್ತ ಬರುತ್ತ ರೈಲಿನಲ್ಲಿ ಕಳೆಯುವುದೇ ನಾಲ್ಕು ದಿನ. ಊರಿನಲ್ಲಿ ಎರಡು ಮದುವೆ, ಒಂದು ಗೃಹಪ್ರವೇಶ. ಹೊಲದ ಉತಾರದಲ್ಲಿ ಹೆಸರು ಸೇರಿಸುವುದಕ್ಕೆ ಮೂರು ಸಲ ತಹಶೀಲ್ದಾರರ ಕಛೇರಿ. ನಡುವೆ, ಹೋದ ವರ್ಷ ತಮ್ಮ ಮನೆಗೆ ಬರಲಿಲ್ಲವೆಂದು ಮುನಿದ ಸೋದರತ್ತೆಯ ಸಮಾಧಾನ. ಹಿಂದಿರುಗಿ ಕಛೇರಿಯ ಕುರ್ಚಿಯಲ್ಲಿ ಕುಳಿತಾಗಲೇ ಮೈಗೆ ವಿಶ್ರಾಂತಿ ದೊರೆತಂತಾಗುತ್ತದೆ! ನಾನು ಹತ್ತು ವರ್ಷ ಧಾರವಾಡಕ್ಕೆ ಹೀಗೆಯೇ ಹೋಗಿ ಬಂದಿದ್ದೇನೆ. ಪ್ರತಿ ಸಲ ಹೊರಡುವ ದಿನ ನಮ್ಮವ್ವ ಬಾಗಿಲಲ್ಲಿ ನಿಂತು, "ಈ ಸಲಾನೂ ಕುಂತು ಮಾತಾಡೂದು ಆಗಲಿಲ್ಲ ನೋಡು" ಎನ್ನುತ್ತಾಳೆ. ಆಕೆಗೆ ಈಗ ಎಪ್ಪತ್ತರ ಹತ್ತಿರ ವಯಸ್ಸು. ಇನ್ನು ಎಷ್ಟು ಸಲ ಈ ಮಾತು ಕೇಳುವುದಿದೆ ಎಂಬ ಲೆಕ್ಕ ಹಾಕಲು, ದಿನವೆಲ್ಲ ಲೆಕ್ಕ ಬರೆಯುವ ಗುಮಾಸ್ತನಿಗೂ ಕೈ ಬರುವುದಿಲ್ಲ.

ಆದ್ದರಿಂದ ಈ ಸಲ ಊರಿಗೆ ಹೋಗುವ ಬದಲು ಊರಿನಿಂದ ಅವ್ವನನ್ನೇ ಕರೆಸಿಕೊಂಡು, ಎಲ್ಲರೂ ಕೂಡಿ ಒಂದು ದ್ವೀಪಕ್ಕೆ ಹೋಗುವುದೆಂದು ನಿಶ್ಚಯಿಸಿದೆವು. ಬಾರ್ಬಡೋಸ್ ನಮಗೆ ಎಟುಕುವುದಲ್ಲ, ದೀವ್ ಎಟುಕಿತು. ನಕಾಶೆಗಳಲ್ಲಿ ದಿಯು ಎಂದಿರುವುದನ್ನೇ ಇಲ್ಲಿಯ ಜನ ದೀವ್ ಎನ್ನುತ್ತಾರೆ. ದ್ವೀಪವೆಂಬ ಶಬ್ದವೇ ಸವೆದು ದೀವ್ ಆಗಿದೆ.

ಕೇಂದ್ರ ಸರಕಾರದ ನೌಕರರಿಗೆ ನಾಲ್ಕು ವರ್ಷಗಳ ಅವಧಿಯಲ್ಲಿ ಒಮ್ಮೆ ಸ್ವಂತ ಊರಿಗೂ ಒಮ್ಮೆ ದೇಶದ ಯಾವ ಭಾಗಕ್ಕಾದರೂ ಹೋಗಲು ಪ್ರಯಾಣದ ವೆಚ್ಚ ಸಿಗುವುದು ತಮಗೆಲ್ಲ ತಿಳಿದದ್ದೇ. ಮಿತ್ರರು ಈ ಸವಲತ್ತಿನಲ್ಲಿ ಅಂಡಮಾನಿಗೋ ಕಾಶ್ಮೀರಕ್ಕೋ ವಿಮಾನದಲ್ಲಿ ಹೋಗುತ್ತಾರೆ. ನನ್ನ ಅರ್ಜಿಯಲ್ಲಿ ದೀವ್ ಎಂದಿರುವುದನ್ನು ಕಂಡು ಪಕ್ಕದ ಮೇಜಿನವರು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. "ಭಾಯಿ, ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ದೀವ್. ಇದಕ್ಕೆ ನಾಲ್ಕು ವರ್ಷದ ಹಕ್ಕು ಕಳೆಯುತ್ತೀರಾ?" ಎಂದರು. ಆಮೇಲೆ ದನಿ ತಗ್ಗಿಸಿ, "ನಿಮಗೂ ಅಭ್ಯಾಸ ಉಂಟೇನು?" ಎಂದು ಕೇಳಿದರು. ಗುಜರಾತಿನಲ್ಲಿ ಪಾನನಿರೋಧ, ದೀವ್‌ನಲ್ಲಿ ಅದಿಲ್ಲ. ಹೀಗಾಗಿ ದೀವ್‌ಗೆ ಹೋಗುತ್ತೇನೆಂದರೆ ಜನ ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ. ವೃದ್ಧಮಾತೆಯನ್ನು ಕರೆದುಕೊಂಡು ಹೋಗುತ್ತಿದ್ದೇನೆಂದು ಹೇಳಿದ ಮೇಲೂ ಅವರಿಗೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ.

ಕಾಲ ಯಾವುದೆಂಬುದು ಮುಖ್ಯ. ಮಳೆಗಾಲದಲ್ಲಿ ಅಲ್ಲಿಯ ಸಮುದ್ರ ಒರಟು, ನೀರಿಗೆ ಇಳಿಯಬಾರದು. ದೀಪಾವಳಿಯ ದಿನಗಳಲ್ಲಿ ಅರ್ಧ ಗುಜರಾತೇ ಅಲ್ಲಿ ನೆರೆದಿರುತ್ತದೆ, ಕೋಣೆಗಳ ಬಾಡಿಗೆ ಆಕಾಶಕ್ಕೇರುತ್ತದೆ. ಆದರೆ ಲಾಭಪಾಂಚಮಿಗೆ ವ್ಯಾಪಾರಿಗಳೆಲ್ಲ ಅಂಗಡಿ ತೆರೆಯಲು ಹಿಂದಿರುಗುತ್ತಾರೆ. ಶಾಲೆಗಳಿಗೆ ಮಾತ್ರ ಇನ್ನೂ ಬಿಡುವು ಉಳಿದಿರುತ್ತದೆ. ಆ ಸಂದಿಯನ್ನೇ ನಾವು ಹಿಡಿದೆವು.

ಇನ್ನೊಂದು ಕರಾರು ನಮ್ಮ ಮನೆಯವರದು. ದೀವ್‌ನಲ್ಲಿ ಅಡಿಗೆಮನೆ ಸಮೇತವಾದ ಕೋಣೆಗಳೂ ಸಿಗುತ್ತವೆ, ಖರ್ಚು ಉಳಿಯುತ್ತದೆ ಎಂದು ನಾನು ಕಾಗದದ ಮೇಲೆ ಕೂಡಿ ಕಳೆದು ತೋರಿಸಿದೆ. ಅವರು ಕಾಗದವನ್ನು ನೋಡದೆಯೇ, "ರೀ, ನಾ ಬರತೀನಿ. ಆದರ ಅಲ್ಲಿ ಒಲಿ ಹಚ್ಚಂಗಿಲ್ಲ" ಎಂದರು. ನ್ಯಾಯವಾದ ಮಾತು. ಸಮುದ್ರವನ್ನು ಅಡಿಗೆಮನೆಯ ಕಿಟಕಿಯಿಂದ ನೋಡುವುದಕ್ಕೆ ಅಷ್ಟು ದೂರ ಹೋಗಬೇಕೆ? ಕೊನೆಗೆ ಒಲೆಯಿಲ್ಲದ ಎರಡು ಕೋಣೆಗಳನ್ನೇ ಹಿಡಿದೆವು. ಆದರೂ ಅತ್ತೆ ಸೊಸೆಯರು ಹೊರಡುವ ಮುಂಚೆ ಮೂರು ದಿನ ಕೂತು ಕಟಕ್ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಒಂದು ಬುಟ್ಟಿ ತುಂಬಿದರು. ವಿಶ್ರಾಂತಿಗೆ ಇಷ್ಟು ದುಡಿಯಬೇಕಾಗುತ್ತದೆ.

ದೀವ್‌ಗೆ ರೈಲಿಲ್ಲ. ಅಹಮದಾಬಾದಿನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಾಗುವ ಹೊತ್ತಿಗೆ ವೇರಾವಳ. ಅಲ್ಲಿಂದ ಕೋಡಿನಾರ್, ಊನಾಗಳ ಮಾರ್ಗವಾಗಿ ಬಸ್ಸಿನಲ್ಲಿ ಸುಮಾರು 90 ಕಿಲೋಮೀಟರು. ವಡೋದರೆಯವರಿಗೂ ಇದೇ ದಾರಿ. ಸೂರತ್ತಿನ ಬಂಧುಗಳಿಗೆ ಬೇರೊಂದು ಸ್ವಾರಸ್ಯವಾದ ದಾರಿ ಉಂಟು. 2020ರ ನವೆಂಬರಿನಲ್ಲಿ ಹಜೀರಾದಿಂದ ಭಾವನಗರದ ಬಳಿಯ ಘೋಘಾಕ್ಕೆ ವಾಹನಗಳನ್ನೂ ಹೊರುವ ಹಡಗು ಆರಂಭವಾಯಿತು. ರಸ್ತೆಯಲ್ಲಿ ಖಂಭಾತ್ ಕೊಲ್ಲಿಯನ್ನು ಬಳಸಿ 370 ಕಿಲೋಮೀಟರು ಆಗುವುದು ನೀರಿನ ಮೇಲೆ 90 ಮಾತ್ರ. ವೇಳೆಯನ್ನು ವಿಚಾರಿಸಿಕೊಂಡು ಹೊರಡಬೇಕು. ದೀವ್‌ನ ಎದುರಿಗಿರುವ ಹಳ್ಳಿಯ ಹೆಸರು ಘೋಘ್ಲಾ. ಹಡಗು ಘೋಘಾಕ್ಕೆ ಹೋಗುತ್ತದೆಂದರೆ ದೀವ್‌ಗೇ ಮುಟ್ಟಿತೆಂದು ತಿಳಿಯಬಾರದು.

ವೇರಾವಳದಲ್ಲಿ ಇಳಿದ ಮೇಲೆ ಸೋಮನಾಥನನ್ನು ನೋಡದೆ ಮುಂದೆ ಹೋಗುವಂತಿಲ್ಲ. 1951ರ ಮೇ 11ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಪ್ರತಿಷ್ಠೆ ನೆರವೇರಿಸಿದ ದೇವಾಲಯ. ದರ್ಶನವಾಯಿತು. ಅವ್ವ ಅಲ್ಲಿಯೇ ಕೇಳಿದಳು: "ಅಲ್ಲೋ, ದೇವರು ಇಲ್ಲೇ ಅದಾನ. ದೇವರಿಲ್ಲದ ಊರಿಗೆ ಏಳು ದಿನ ಏನ್ ಮಾಡಾಕ ಹೋಗೂದು?" ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬಸ್ಸು ಹತ್ತಿದೆವು.

ಸೇತುವೆ ದಾಟಿ ದೀವ್ ಪಟ್ಟಣವನ್ನು ಹೊಕ್ಕರೆ ಗುಜರಾತು ಅಲ್ಲಿಯೇ ನಿಂತುಬಿಟ್ಟಂತೆ ತೋರುತ್ತದೆ, ಭಾಷೆ ಮಾತ್ರ ಗುಜರಾತಿಯೇ. ದ್ವೀಪ ಚಿಕ್ಕದು, ಉದ್ದ ಸುಮಾರು 11 ಕಿಲೋಮೀಟರು, ಅಗಲ ಮೂರರಷ್ಟು. ಪೂರ್ವದ ತುದಿಯಲ್ಲಿ ಕೋಟೆ, ಪಶ್ಚಿಮದ ತುದಿಯಲ್ಲಿ ವಣಾಕ್‌ಬಾರಾ ಎಂಬ ಮೀನುಗಾರರ ಊರು. 1535ರಿಂದ 1961ರ ಡಿಸೆಂಬರ್ 19ರ ವರೆಗೆ ಪೋರ್ಚುಗೀಸರು ಇದನ್ನು ಆಳಿದರು. ಆಮೇಲೆ 1987ರ ವರೆಗೆ ಗೋವೆ, ದಮನ್, ದೀವ್ ಮೂರೂ ಒಂದೇ ಆಡಳಿತ. ಇಲ್ಲಿಯ ಗುಮಾಸ್ತರು ಫೈಲುಗಳನ್ನು ಪಣಜಿಗೆ ಕಳುಹಿಸಿ ಎಷ್ಟು ದಿನ ದಾರಿ ಕಾದರೋ ಎಂದು ನನಗೆ ಅನುಕಂಪವಾಯಿತು. 2020ರ ಜನವರಿ 26ರಿಂದ ದಾದ್ರಾ ನಗರ್ ಹವೇಲಿಯೂ ಸೇರಿ ಒಂದೇ ಕೇಂದ್ರಾಡಳಿತ ಪ್ರದೇಶವಾಗಿದೆ.

ಮೊದಲ ಎರಡು ದಿನ ನಮಗೆ ಸುಮ್ಮನಿರಲು ಬರಲಿಲ್ಲ. ಅವ್ವ ನಾಲ್ಕು ಗಂಟೆಗೆ ಎದ್ದು ಯಾರ ಮನೆಯ ಅಂಗಳ ಗುಡಿಸಲೆಂದು ನೋಡುತ್ತಿದ್ದಳು. ನಮ್ಮ ಮನೆಯವರು ಎಂಟು ಗಂಟೆಗೆ ಮಕ್ಕಳ ಡಬ್ಬಿಯನ್ನು ನೆನೆದು ಬೆಚ್ಚಿ ಏಳುತ್ತಿದ್ದರು. ನಾನು ನೋಡತಕ್ಕ ಸ್ಥಳಗಳನ್ನು ಬರೆದುಕೊಂಡು ಒಂದೊಂದನ್ನೇ ಹೊಡೆದುಹಾಕುತ್ತಿದ್ದೆ. ಮೂರನೆಯ ದಿನ ಆ ಕಾಗದ ಗಾಳಿಗೆ ಹಾರಿ ನೀರಿಗೆ ಬಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ಅಲ್ಲಿಂದ ಮುಂದೆ ವಾರ ನಿಧಾನವಾಗಿ ಹರಿಯಿತು.

ಕಡಲತೀರಗಳಲ್ಲಿ ನಾಗೋವಾ ಪ್ರಸಿದ್ಧ. ಕುದುರೆಯ ಲಾಳದಂತೆ ಬಾಗಿದ ತೀರ, ಹಿಂದೆ ಹೋಕಾ ಮರಗಳ ಸಾಲು. ನಮ್ಮ ತಾಳೆಮರ ಒಂಟಿ ಕಂಬ. ಈ ಹೋಕಾ ತಾಳೆಯ ಜಾತಿಯೇ ಆದರೂ ಕವಲೊಡೆದು ಬೆಳೆಯುತ್ತದೆ. ಪೋರ್ಚುಗೀಸರು ಆಫ್ರಿಕದಿಂದ ತಂದರೆಂದು ಅಲ್ಲಿಯವರು ಹೇಳುತ್ತಾರೆ. ಆದರೆ ನಾಗೋವಾದಲ್ಲಿ ಮೋಟಾರು ದೋಣಿಗಳ ಗದ್ದಲ ಬಹಳ. ನನ್ನನ್ನು ಕೇಳಿದರೆ ಘೋಘ್ಲಾ ತೀರವೇ ಮೇಲು: ಉದ್ದವಾದ, ಚೊಕ್ಕಟವಾದ ಮರಳು. 2020ರಲ್ಲಿ ನಿರ್ಮಲ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲಾಗ್ ಎಂಬ ಅಂತರರಾಷ್ಟ್ರೀಯ ಮನ್ನಣೆ ಅದಕ್ಕೆ ದೊರೆಯಿತು. ಒಂದೇ ತಮಾಷೆ, ಘೋಘ್ಲಾ ಇರುವುದು ಸೇತುವೆಯ ಈಚೆ, ನೆಲದ ಕಡೆಗೆ. ದ್ವೀಪದ ಒಳ್ಳೆಯ ತೀರ ದ್ವೀಪದಲ್ಲೇ ಇಲ್ಲ!

ದೇವರಿಲ್ಲದ ಊರೆಂಬ ಅವ್ವನ ದೂರನ್ನು ಫೂದಮ್ ಹಳ್ಳಿಯ ಗಂಗೇಶ್ವರ ಪರಿಹರಿಸಿದ. ಕಡಲಂಚಿನ ಬಂಡೆಯ ಗುಹೆಯಲ್ಲಿ ಐದು ಲಿಂಗಗಳು. ಭರತದ ಹೊತ್ತಿಗೆ ಸಮುದ್ರವೇ ಬಂದು ಅಭಿಷೇಕ ಮಾಡಿ ಹೋಗುತ್ತದೆ. ಪಾಂಡವರು ಸ್ಥಾಪಿಸಿದರೆಂದು ಪ್ರತೀತಿ. ಅವ್ವ ಮೂರು ಬೆಳಗು ಅಲ್ಲಿಗೆ ಹೋದಳು.

ಕೋಟೆಗೆ ಒಂದು ಇಡೀ ಸಂಜೆ ಬೇಕು. ಮೂರು ಕಡೆ ಸಮುದ್ರ, ಒಂದು ಕಡೆ ಆಳವಾದ ಕಂದಕ, ಒಳಗೆ ದೀಪಸ್ತಂಭ, ಗೋಡೆಯುದ್ದಕ್ಕೂ ತುಕ್ಕು ಹಿಡಿದ ಫಿರಂಗಿಗಳು. 1538ರಲ್ಲಿಯೂ 1546ರಲ್ಲಿಯೂ ಇದನ್ನು ಮುತ್ತಿದರು. ಎರಡು ಸಲವೂ ಪೋರ್ಚುಗೀಸರು ಉಳಿದುಕೊಂಡರು. ಎರಡನೆಯ ಮುತ್ತಿಗೆಯ ತರುವಾಯ ಕೋಟೆಯನ್ನು ಮತ್ತೆ ಕಟ್ಟಿಸಲು ಗವರ್ನರ್ ದೋಂ ಜೊವಾವ್ ದ ಕಾಸ್ತ್ರೋನ ಬಳಿ ಹಣವಿರಲಿಲ್ಲ. ಆತ ತನ್ನ ಗಡ್ಡದ ಕೂದಲನ್ನೇ ಒತ್ತೆಯಾಗಿ ಗೋವೆಯ ನಾಗರಿಕರಿಗೆ ಕಳುಹಿಸಿ ಸಾಲ ಕೇಳಿದನಂತೆ. ಹಬ್ಬದ ಮುಂಗಡಕ್ಕೆ ಇಬ್ಬರು ಜಾಮೀನುದಾರರನ್ನು ಹುಡುಕಿ ಅಲೆದ ನನಗೆ ಈ ಕಥೆ ಬಹಳ ಹಿಡಿಸಿತು.

ಇದಕ್ಕೂ ಮುಂಚೆ, 1509ರ ಫೆಬ್ರವರಿಯಲ್ಲಿ, ಇದೇ ನೀರಿನಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡಾ ಈಜಿಪ್ಟ್, ಗುಜರಾತ್, ಕಲ್ಲಿಕೋಟೆಗಳ ಕೂಡಿದ ನೌಕಾಬಲವನ್ನು ಸೋಲಿಸಿದ್ದ. ಅವನ ಹಡಗುಗಳು ಉತ್ತರಕ್ಕೆ ಬರುವ ಮುಂಚೆ ತಂಗಿದ್ದು ನಮ್ಮ ಕಾರವಾರದ ಎದುರಿಗಿರುವ ಅಂಜದೀವದಲ್ಲಿ. ಇದನ್ನು ಮಕ್ಕಳಿಗೆ ಹೇಳುತ್ತಿದ್ದೆ. ಅವ್ವ ಕೋಟೆಯ ಕಲ್ಲಿನ ಮೇಲೆ ಕುಳಿತು ಕೇಳುತ್ತಿದ್ದಳು.

"ಹಂಗಾದ್ರ ಇದು ಕಾರವಾರದ ಸಮುದ್ರನ ಹೌದಿಲ್ಲೋ?" ಎಂದಳು.

"ಹೌದವ್ವಾ, ಅದೇ ಸಮುದ್ರ."

"ಗೋಕರ್ಣಕ್ಕ ಹೋದಾಗ ನೋಡಿದ್ದೆ. ಮೂರು ಮುಳುಗು ಹಾಕಿದಿವಿ, ಮಹಾಬಳೇಶ್ವರನ ದರ್ಶನ ಆತು, ಬಸ್ ಹತ್ತಿದಿವಿ. ಕಾರವಾರದಾಗ ಎಂಟು ದಿನ ಇರೂಣು ಅಂತಿದ್ರು ನಿಮ್ಮಪ್ಪ. ಸಾಲಿ ಸೂಟಿಯೊಳಗ ಹೋಗೂಣು ಅಂತ ರೊಕ್ಕ ಕೂಡಿಸಿದ್ರು. ಅಷ್ಟರಾಗ ನಿನ್ನ ಕಾಲೇಜಿನ ಫೀ ಬಂತು."

ಅಷ್ಟೇ ಹೇಳಿದಳು. ದೂರುವ ದನಿಯಲ್ಲ, ಪೇಟೆಯಿಂದ ತರಕಾರಿ ತಂದ ಲೆಕ್ಕ ಒಪ್ಪಿಸುವ ದನಿ. ತಂದೆಯವರು ತೀರಿಕೊಂಡು ಒಂಬತ್ತು ವರ್ಷವಾಯಿತು. ನನ್ನ ಬಿ.ಎ. ಪದವಿಯ ಮೊದಲ ವರ್ಷದ ಫೀ ಎಲ್ಲಿಂದ ಬಂದಿತೆಂದು ನಾನು ಯಾರನ್ನೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಆ ರಾತ್ರಿ ಮಕ್ಕಳು ಮಲಗಿದ ಮೇಲೆ ಕೋಣೆಯ ಮುಂದಿನ ಜಗಲಿಯಲ್ಲಿ ಹನ್ನೊಂದರ ವರೆಗೆ ಕುಳಿತೆವು. ಮರುದಿನವೂ ಕುಳಿತೆವು. ಹೇಳಿದ್ದರಲ್ಲಿ ಹೆಚ್ಚಿನದು ಮನೆಯ ಮಾತು, ಇಲ್ಲಿ ಬರೆಯತಕ್ಕದ್ದಲ್ಲ.

ನಮ್ಮ ಬಿಡಾರದ ಪಕ್ಕದಲ್ಲಿ ಬಣ್ಣ ಮಾಸಿದ ಒಂದು ದೊಡ್ಡ ಮನೆ, ಪೋರ್ಚುಗೀಸ್ ಮಾದರಿಯ ಎತ್ತರದ ಕಿಟಕಿಗಳು, ಹೆಚ್ಚಿನವು ಮುಚ್ಚಿಯೇ ಇದ್ದವು. ಒಬ್ಬ ಮುದುಕಿ ಬೀಗದ ಕೈಗಳ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿ ಹೊರಗಿನ ಓಟಲೆಯ ಮೇಲೆ ಕುಳಿತಿರುತ್ತಿದ್ದಳು. ಒಬ್ಬ ಮಗ ಲಿಸ್ಬನ್ನಿನಲ್ಲಿ, ಒಬ್ಬ ಇಂಗ್ಲೆಂಡಿನ ಲೆಸ್ಟರಿನಲ್ಲಿ. ದೀವ್‌ನಲ್ಲಿ ಇಂಥ ಮನೆಗಳು ಅನೇಕ. ಹಿಂದೆ ಇಲ್ಲಿಯ ವ್ಯಾಪಾರಿಗಳೂ ಗೌಂಡಿಗಳೂ ಮೊಜಾಂಬಿಕಿಗೆ ಹೋಗುತ್ತಿದ್ದರು. 1961ಕ್ಕೆ ಮುಂಚೆ ಇಲ್ಲಿ ಹುಟ್ಟಿದವರಿಗೂ ಅವರ ಮಕ್ಕಳಿಗೂ ಪೋರ್ಚುಗಲ್ಲಿನ ಪೌರತ್ವ ಕೇಳಲು ಅವಕಾಶವಿರುವುದರಿಂದ ಈಗ ಯುರೋಪಿಗೆ ಹೋಗುತ್ತಾರೆ. ನಮ್ಮವ್ವನಿಗೆ ಗುಜರಾತಿ ಬಾರದು, ಆ ಬಾಗೆ ಕನ್ನಡ ಬಾರದು. ಆದರೂ ಇಬ್ಬರೂ ದಿನಾ ಮಧ್ಯಾಹ್ನ ಓಟಲೆಯ ಮೇಲೆ ಎರಡು ಗಂಟೆ ಕುಳಿತು ಮಾತಾಡುತ್ತಿದ್ದರು. "ಆಕಿ ಮಗಾ ಎರಡು ವರ್ಷಾತು ಬಂದಿಲ್ಲಂತ" ಎಂದು ಅವ್ವ ಸರಿಯಾಗಿಯೇ ವರದಿ ತಂದಳು. ಹೇಗೆ ತಿಳಿಯಿತೋ ಗೊತ್ತಿಲ್ಲ.

ಹೊರಡುವ ಮುನ್ನಾದಿನ ಖುಕ್ರಿ ಸ್ಮಾರಕಕ್ಕೆ ಹೋದೆವು. 1971ರ ಡಿಸೆಂಬರ್ 9ರ ರಾತ್ರಿ ದೀವ್‌ನ ಆಚೆ ಪಾಕಿಸ್ತಾನದ ಜಲಾಂತರ್ನೌಕೆಯೊಂದು ನಮ್ಮ ಖುಕ್ರಿ ಯುದ್ಧನೌಕೆಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ತೀರಿಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗನ್ನು ಬಿಡದೆ ಅದರೊಡನೆಯೇ ಮುಳುಗಿದರು. ದಿಬ್ಬದ ಮೇಲೆ ಗಾಜಿನ ಮನೆಯಲ್ಲಿ ಆ ಹಡಗಿನ ಚಿಕ್ಕ ಮಾದರಿ ಇದೆ, ಎದುರಿಗೆ ಬರೀ ನೀರು. ಮಕ್ಕಳೂ ಅಲ್ಲಿ ಗದ್ದಲ ಮಾಡಲಿಲ್ಲ.

ಖರ್ಚಿನ ಮಾತು ಕೇಳುವವರಿಗೆ ಹೇಳುತ್ತೇನೆ: ಏಳು ದಿನದ ವೆಚ್ಚ ಊರಿಗೆ ಹೋಗಿ ಬರುವುದಕ್ಕಿಂತ ಕಡಿಮೆಯೇ ಆಯಿತು. ಮುಯ್ಯಿ ಇಲ್ಲ, ಸೀರೆ ಕುಪ್ಪಸವಿಲ್ಲ. ಊಟಕ್ಕೆ ಗುಜರಾತಿ ಥಾಲಿ ಎಲ್ಲಿಯೂ ಸಿಗುತ್ತದೆ, ದಾಲಿಗೆ ಬೆಲ್ಲ ಹಾಕುವುದನ್ನು ಅಲ್ಲಿಯೂ ಬಿಟ್ಟಿಲ್ಲ. ಆಗ ನಮ್ಮ ಚಟ್ನಿಪುಡಿ ಸಹಾಯಕ್ಕೆ ಬರುತ್ತಿತ್ತು.

ಎಂಟನೆಯ ದಿನ ಬೆಳಗ್ಗೆ ಬಸ್ಸು ಗಡಿಯ ಚೌಕಿಯಲ್ಲಿ ನಿಂತಿತು. ಗುಜರಾತಿಗೆ ಬಾಟಲಿ ಸಾಗಿಸುವವರನ್ನು ಹಿಡಿಯಲು ಅಲ್ಲಿ ಪೊಲೀಸರು ಗಂಟುಮೂಟೆ ಬಿಚ್ಚಿಸುತ್ತಾರೆ. ನಮ್ಮ ಬುಟ್ಟಿಯನ್ನು ಕಂಡು ಒಬ್ಬ ಎಳೆಯ ಪೇದೆಗೆ ಸಂಶಯ ಬಂದಿತು. ಬಟ್ಟೆ ಸರಿಸಿ ನೋಡಿದರೆ ಮೇಲೆ ಮಕ್ಕಳು ಆರಿಸಿದ ಕಪ್ಪೆಚಿಪ್ಪು, ಕೆಳಗೆ ಉಳಿದ ಕಟಕ್ ರೊಟ್ಟಿ. ಒಂದನ್ನು ಎತ್ತಿ ಬೆರಳಿನಿಂದ ತಟ್ಟಿ, "ಆ ಶೂಂ ಛೇ?" ಎಂದು ಕೇಳಿದ. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅವ್ವ ಅದರ ಮೇಲೆ ಒಂದು ಚಮಚ ಶೇಂಗಾ ಚಟ್ನಿ ಹಾಕಿ, "ತಿನ್ನು ಮಗಾ, ಮುಂಜಾನಿಂದ ನಿಂತೀದಿ" ಎಂದಳು. ಆತ ಸುತ್ತಲೂ ನೋಡಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. ಬಸ್ಸು ಹೊರಟಾಗ ಇನ್ನೂ ಅಗಿಯುತ್ತಲೇ ಇದ್ದ.